ಯಾವಾಗ ಬರ್ತದ, ಅದನ್ನ ಹೇಳ್ರಿ

ಮೋಟಾರ್ ಸೈಕಲ್ಲಿಗೆ ಹೊಸ ಶಬ್ದವೊಂದು ಹುಟ್ಟಿದರೆ ಅದನ್ನು ಎಲ್ಲರಿಗಿಂತ ಕೊನೆಗೆ ಕೇಳುವವನು ಅದರ ಮಾಲೀಕ. ಮೊದಲು ಹಿಂದೆ ಕೂತ ಹೆಂಡತಿಗೆ ಕೇಳುತ್ತದೆ. ಆಮೇಲೆ ಅಗಸಿ ಕಟ್ಟೆಯ ಮೇಲೆ ಕೂತವರಿಗೆ, ಓಣಿಯ ಹುಡುಗರಿಗೆ, ಬೆನ್ನು ಹತ್ತುವ ನಾಯಿಗಳಿಗೆ. ಮಾಲೀಕನ ಕಿವಿಗೆ ಬೀಳುವುದು ಮಿಸ್ತ್ರಿ ಚೀಟಿ ಬರೆಯುವಾಗ. ಅಷ್ಟೊತ್ತಿಗೆ ಅದು ಶಬ್ದವಾಗಿ ಉಳಿದಿರುವುದಿಲ್ಲ, ರೂಪಾಯಿಯಾಗಿರುತ್ತದೆ.

ನಮ್ಮೂರು ಕಲ್ಮಲ. ರಾಯಚೂರಿನಿಂದ ಬರುವ ದಾರಿ ಇಲ್ಲಿ ಒಡೆದು ಒಂದು ಲಿಂಗಸೂಗೂರಿನ ಕಡೆಗೂ ಇನ್ನೊಂದು ಮಾನ್ವಿ, ಸಿಂಧನೂರಿನ ಕಡೆಗೂ ಹೋಗುತ್ತದೆ. ಶಿಗ್ಗಾವಿಯ ತನಕ ಓಡುವ 23ನೇ ನಂಬರಿನ ರಾಜ್ಯ ಹೆದ್ದಾರಿ ಹುಟ್ಟುವುದೇ ನಮ್ಮ ಕ್ರಾಸಿನಲ್ಲಿ. ಭತ್ತದ ಲಾರಿ, ಹತ್ತಿ ಹೇರಿದ ಟ್ರ್ಯಾಕ್ಟರ್, ಹಾಡು ಹಚ್ಚಿಕೊಂಡ ಟಂಟಂ ಎಲ್ಲವೂ ಇಲ್ಲಿ ಬ್ರೇಕು ಹಾಕಿ, ಹಾರ್ನು ಹೊಡೆದೇ ಮುಂದೆ ಹೋಗಬೇಕು. ಇಂಥ ಊರಿನಲ್ಲಿ ನೂರು ಸಿಸಿಯ ಹಳೇ ಗಾಡಿಯೊಂದು ಒಳಗೊಳಗೇ ನರಳಿದರೆ ನನಗೆ ಕೇಳುವುದಾದರೂ ಹೇಗೆ? ಇದು ನನ್ನ ವಾದ. ಹೆಂಡತಿ ಈ ವಾದವನ್ನು ಇಲ್ಲಿಯವರೆಗೆ ಒಪ್ಪಿಲ್ಲ.

ಒಪ್ಪದಿರಲು ಅವಳಿಗೊಂದು ಕಾರಣವಿದೆ. ನಾನು ವಿಜ್ಞಾನದ ಮಾಸ್ತರ. ಒಂಬತ್ತನೆಯ ತರಗತಿಗೆ ‘ಶಬ್ದ’ ಪಾಠ ಮಾಡುವವನು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 346 ಮೀಟರ್, ಉಕ್ಕಿನಲ್ಲಿ 5960 ಮೀಟರ್ ಎಂಬ ಕೋಷ್ಟಕ ನನಗೆ ಬಾಯಿಪಾಠ. ಈ ಲೆಕ್ಕ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯದು. ರಾಯಚೂರು ಸೀಮೆಯ ಹಗಲಿನಲ್ಲಿ 25 ಡಿಗ್ರಿ ನೋಡಬೇಕೆಂದರೆ ಚಳಿಗಾಲದ ಮುಂಜಾನೆ ಬೇಗ ಏಳಬೇಕು. ಮೇ ತಿಂಗಳ 42 ಡಿಗ್ರಿಗೆ ಶಬ್ದ ಸೆಕೆಂಡಿಗೆ ಇನ್ನೂ ಹತ್ತು ಮೀಟರ್ ಹೆಚ್ಚಿಗೆ ಓಡುತ್ತದೆ ಎಂದು ಒಮ್ಮೆ ಮನೆಯಲ್ಲಿ ಲೆಕ್ಕ ಮಾಡಿ ತೋರಿಸಿದೆ. “ಅಷ್ಟು ಜೋರು ಓಡಿ ಬಂದ್ರೂ ನಿಮ್ಮ ಕಿವಿಗೆ ಮುಟ್ಟಲಿಲ್ಲಲ್ರಿ” ಎಂದಳು.

ಹೀಗಾಗಿ ನಾನು ಪರೀಕ್ಷೆಗೆ ಇಳಿಯಲೇಬೇಕಾಯಿತು. ಎಂಜಿನ್ನಿನ ಶಬ್ದ ಹಿಡಿಯಲು ಮಿಸ್ತ್ರಿಗಳಲ್ಲೊಂದು ಹಳೇ ಉಪಾಯವಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಳ್ಳುವುದು. ವೈದ್ಯರ ಉಪಾಯವೂ ಇಂಥದೇ: 1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್, ಹೆಣ್ಣುಮಗಳೊಬ್ಬಳ ಎದೆಗೆ ಕಿವಿ ಹಚ್ಚಲು ನಾಚಿ ಕಾಗದದ ಸುರುಳಿ ಮಾಡಿ ಕೇಳಿದ. ಅದರಿಂದ ಸ್ಟೆತಾಸ್ಕೋಪ್ ಹುಟ್ಟಿತು. ಈ ಇತಿಹಾಸವನ್ನು ಅಂಗಳದಲ್ಲಿ ನೆರೆದವರಿಗೆ ವಿವರಿಸಿ, ಗಾಡಿಯನ್ನು ನಡುಸ್ಟ್ಯಾಂಡಿಗೆ ನಿಲ್ಲಿಸಿ, ಚಾಲೂ ಮಾಡಿ, ಸ್ಕ್ರೂಡ್ರೈವರ್ ಊರಿ ಕಣ್ಣು ಮುಚ್ಚಿದೆ.

“ಏನಂತದ್ರಿ?”

“ಟಿಕ್… ಟಿಕ್… ಟಿಕ್… ಭಾಳ ನಿಧಾನ. ಸೆಕೆಂಡಿಗೊಂದು. ಇದು ಟ್ಯಾಪೆಟ್ ಶಬ್ದ.”

“ಅದು ನಿಮ್ಮ ವಾಚು.”

ಸ್ಕ್ರೂಡ್ರೈವರ್ ಹಿಡಿದ ಕೈಯಲ್ಲೇ ಗಡಿಯಾರವೂ ಇತ್ತೆಂಬುದು ನಿಜ. ಆದರೆ ಶಾಸ್ತ್ರ ಗೊತ್ತಿದ್ದವನಿಗೆ ವಾಚು ತೆಗೆಯದೆಯೂ ವ್ಯತ್ಯಾಸ ತಿಳಿಯುತ್ತದೆ. ನಮ್ಮದರಂಥ ಗಾಡಿಯ ಎಂಜಿನ್ ನಿಂತಲ್ಲಿ ನಿಮಿಷಕ್ಕೆ ಸುಮಾರು 1400 ಸುತ್ತು ತಿರುಗುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಬಂದಾಗ ವಾಲ್ವು ಒಂದು ಸಲ ತೆರೆಯುತ್ತದೆ. ಅಂದರೆ ಒಂದೊಂದು ವಾಲ್ವಿನ ಟ್ಯಾಪೆಟ್ಟು ನಿಮಿಷಕ್ಕೆ 700 ಸಲ, ಸೆಕೆಂಡಿಗೆ ಹನ್ನೊಂದು ಹನ್ನೆರಡು ಸಲ ಬಡಿಯಬೇಕು. ಇದನ್ನು ಆಮೇಲೆ, ಎಲ್ಲರೂ ಒಳಗೆ ಹೋದ ಮೇಲೆ, ಗಾಡಿಗೆ ಹೇಳಿದೆ.

ಅಲ್ಲಿಂದ ಮನೆಮಂದಿಯ ಹೇಳಿಕೆಗಳನ್ನು ಸಂಗ್ರಹಿಸತೊಡಗಿದೆ. ಹಾಜರಿ ಪುಸ್ತಕದಂಥದೊಂದು ನೋಟ್‌ಬುಕ್ಕಿನಲ್ಲಿ ಗೀಟು ಎಳೆದು, ‘ಶಬ್ದದ ಸ್ವರೂಪ’ ಎಂದು ತಲೆಬರಹ ಕೊಟ್ಟು, ಒಬ್ಬೊಬ್ಬರನ್ನೇ ಕರೆದೆ. ಅವ್ವ ಅಂದಳು: “ನೀ ಬಾಗಲದಾಗ ಗಾಡಿ ನಿಂದರಿಸಿ ಮಾತಾಡಕೋತ ಕುಂತಾಗ ಗರಗರ ಅಂತದ. ಹೊಂಡಬೇಕಂತ ಕೈಯಾಗಿಂದು ಹಿಡದಿ ಅಂದ್ರ ಸುಮ್ಮನಾಗ್ತದ.” ನಾನು ಬರೆದುಕೊಂಡೆ: ಗರಗರ. ಮಗ ಅಂದ: “ಪಪ್ಪಾ, ಲೋಡ್ ಇದ್ದಾಗ ಎಕ್ಸಲೇಟರ್ ಕೊಟ್ರ ಬರೇ ಒದರ್ತದ, ಮುಂದ ಹೋಗಂಗಿಲ್ಲ.” ಬರೆದುಕೊಂಡೆ: ಒದರಾಟ. ಹೆಂಡತಿ ಅಂದಳು: “ನಾ ಹಿಂದ ಕುಂತಾಗ ಮಾತ್ರ ಲೊಟಲೊಟ ಅಂತದ. ನೀವೊಬ್ರೇ ಹೋದ್ರ ಇಲ್ಲ.” ಇದರಲ್ಲಿ ಅವಳ ತೂಕದ ಬಗ್ಗೆ ನಾನು ಏನೋ ಅನ್ನಲಿ, ಆಮೇಲೆ ನೋಡಿಕೊಳ್ಳೋಣ ಎಂಬ ಹೊಂಚು ಇದ್ದಂತೆ ಕಂಡು, ಬರೇ ‘ಲೊಟಲೊಟ’ ಎಂದಷ್ಟೇ ಬರೆದು ಪುಸ್ತಕ ಮುಚ್ಚಿದೆ.

ಮುಂದಿನ ಕೆಲವು ವಾರ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ನಡೆದದ್ದು ಒಂದೇ ಚರ್ಚೆ. ಅದು ಗರಗರವೋ, ಕರಕರವೋ? ಲೊಟಲೊಟವೋ, ಚಟಚಟವೋ? ಅವ್ವ ಗರಗರ ಬಿಟ್ಟು ಒಂದಿಂಚು ಸರಿಯಲಿಲ್ಲ. ಮಗ ಮೊಬೈಲಿನಲ್ಲಿ ಶಬ್ದ ಮುದ್ರಿಸಿ ತಂದ. ಅದರಲ್ಲಿ ಕ್ರಾಸಿನ ಲಾರಿಯ ಹಾರ್ನು ಮಾತ್ರ ಸ್ಪಷ್ಟವಾಗಿತ್ತು.

ಇಂಥ ಹೊತ್ತಿನಲ್ಲೇ ದೇವದುರ್ಗದಿಂದ ನಮ್ಮ ಮಾವನವರು ಬಂದರು. ಅವರು ವಯಸ್ಸಿನಲ್ಲಿ ಯೆಜ್ಡಿ ಓಡಿಸಿದವರು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಕಟ್ಟಲು ಶುರುಮಾಡಿದ್ದು, 1996ರಲ್ಲಿ ಬಾಗಿಲು ಹಾಕಿದ್ದು, ಎರಡನ್ನೂ ಅವರು ತಮ್ಮ ಮನೆತನದ ಇತಿಹಾಸದೊಂದಿಗೆ ಸೇರಿಸಿ ಹೇಳುತ್ತಾರೆ. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್. ಗೇರು ಒತ್ತಿದರೆ ಸಾಕು, ಕ್ಲಚ್ಚು ತಾನಾಗಿ ಬಿಡುತ್ತದೆ. ಇಂಥ ಗಾಡಿ ಹತ್ತಿದವರಿಗೆ ನನ್ನ ನೂರು ಸಿಸಿಯ ಕಷ್ಟ ಕಷ್ಟವಾಗಿ ಕಾಣಲಿಲ್ಲ. ಅಂಗಳದಲ್ಲಿ ನಿಂತು, ಕೈ ಕಿವಿಗೆ ಹಚ್ಚಿ, “ಚಾಲೂ ಮಾಡ್ರಿ ನೋಡೂಣು” ಎಂದರು.

“ಚಾಲೂನೇ ಅದ ಮಾವ.”

“ಹೌದಾ? ಮತ್ತ ಶಬ್ದ ಎಲ್ಲಿ ಅದ?”

ಟ್ಯಾಪೆಟ್ಟಿನ ವಿಷಯ ತೆಗೆದಾಗ ಅವರಿಗೆ ಇನ್ನೂ ಸಂತೋಷವಾಯಿತು. “ನಮ್ಮ ಯೆಜ್ಡಿಗೆ ಟ್ಯಾಪೆಟ್ಟೇ ಇರಲಿಲ್ಲಪಾ” ಎಂದರು. ಮಾತು ಸುಳ್ಳಲ್ಲ. ಎರಡು ಸ್ಟ್ರೋಕಿನ ಆ ಎಂಜಿನ್ನಿನಲ್ಲಿ ವಾಲ್ವೂ ಇಲ್ಲ, ಟ್ಯಾಪೆಟ್ಟೂ ಇಲ್ಲ; ಪಿಸ್ಟನ್ನೇ ಮೇಲೆ ಕೆಳಗೆ ಆಡುತ್ತ ಸಿಲಿಂಡರಿನ ಕಿಂಡಿ ಮುಚ್ಚಿ ತೆರೆದು ಕೆಲಸ ಮುಗಿಸುತ್ತದೆ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದು, ನಾಲ್ಕು ಸ್ಟ್ರೋಕಿನ ನೂರು ಸಿಸಿ ಗಾಡಿ ಹಳ್ಳಿಹಳ್ಳಿಗೆ ಹಬ್ಬಿದ ಮೇಲೆಯೇ ನಮ್ಮ ಕಡೆಯ ಅಂಗಳಗಳಿಗೆ ಮೈಲೇಜೂ ಬಂತು, ಟಿಕಟಿಕವೂ ಬಂತು. ಮಾವನವರು ಒಂದೇ ಮಾತಿನಲ್ಲಿ ಎರಡು ತಲೆಮಾರಿನ ವ್ಯತ್ಯಾಸ ಹೇಳಿದರು: “ನಿಮ್ಮವು ಪೆಟ್ರೋಲ್ ಕುಡಿಯಂಗಿಲ್ಲ, ಅದಕ್ಕ ಗೊಣಗ್ತಾವ.”

ಟಿಕಟಿಕ ಮಾತ್ರ ನನ್ನ ಮನಸ್ಸಿನಿಂದ ಹೋಗಲಿಲ್ಲ. ರಸ್ತೆ ಬದಿಯ ಒಬ್ಬ ಹುಡುಗನ ಹತ್ತಿರ ನಿಲ್ಲಿಸಿ ಟ್ಯಾಪೆಟ್ ಬಿಗಿ ಮಾಡಲು ಹೇಳಿದೆ. ಅವನು ಒಂದಿಷ್ಟು ಮಾಡಿದ. “ಇನ್ನೂ ಸಣ್ಣಗ ಬರಾಕತ್ತದ” ಎಂದೆ. ಇನ್ನೊಂದಿಷ್ಟು ಮಾಡಿದ. “ಪೂರಾ ಬಂದ್ ಆಗಬೇಕು” ಎಂದೆ. ಪೂರಾ ಬಂದ್ ಮಾಡಿಕೊಟ್ಟ. ಆಹಾ, ಏನು ಶಾಂತಿ! ಆ ಸಂಜೆ ಗಾಡಿಯನ್ನು ಅಂಗಳದಲ್ಲಿ ಚಾಲೂ ಇಟ್ಟು, ಮೌನ ಕೇಳಿಸಲೆಂದೇ ಎಲ್ಲರನ್ನೂ ಹೊರಗೆ ಕರೆದಿದ್ದೆ.

ಮರುವಾರ ಸಂತೆ ಮಾಡಲು ರಾಯಚೂರಿಗೆ ಹೋದೆವು. ತೀನ್ ಕಂದೀಲಿನ ಹತ್ತಿರ ನಿಲ್ಲಿಸಿದ ಗಾಡಿ ಮತ್ತೆ ಚಾಲೂ ಆಗಲೊಲ್ಲದು. ನಡುಮಧ್ಯಾಹ್ನ. ನಾನು ಕಿಕ್ ಹೊಡೆಯುತ್ತಿದ್ದೇನೆ, ಹೆಂಡತಿ ಎರಡೂ ಕೈಯಲ್ಲಿ ಚೀಲ ಹಿಡಿದು ನಿಂತಿದ್ದಾಳೆ, ಒಂದರಲ್ಲಿ ಬದನೆಕಾಯಿ ಬಾಡುತ್ತಿವೆ. ಸುತ್ತ ಸಲಹೆಗಾರರು ಸೇರಿದರು. ಚೋಕು ಹಾಕು ಎಂದರು, ತೆಗೆ ಎಂದರು, ಪ್ಲಗ್ ಒರೆಸು ಎಂದರು, ಗಾಡಿ ಅಡ್ಡ ಮಲಗಿಸು ಎಂದರು. ಅಡ್ಡ ಮಲಗುವ ಸ್ಥಿತಿಯಲ್ಲಿ ಗಾಡಿಗಿಂತ ಮೊದಲು ನಾನಿದ್ದೆ. ಹೆಂಡತಿ ಇಡೀ ಹೊತ್ತು ಒಂದೇ ಮಾತು ಆಡಿದಳು: “ಈಗ ನೋಡ್ರಿ, ಒಂಚೂರೂ ಶಬ್ದ ಇಲ್ಲ.”

ಅಲ್ಲಿಂದ ಗಾಡಿ ನೂಕಿಕೊಂಡು ಹೋಗಿ ಸೇರಿದ್ದು ಒಬ್ಬ ಉಸ್ತಾದರ ಅಂಗಡಿಗೆ. ತಗಡಿನ ನೆರಳು, ಎಣ್ಣೆ ಹೀರಿ ಕಪ್ಪಾದ ನೆಲ, ಪಾನಾಗಳ ಸಾಲು. ಬಿಳಿ ಗಡ್ಡದ ಉಸ್ತಾದರು ನನ್ನ ಮುಖ, ನನ್ನ ಅಂಗಿಯ ಬೆವರು, ಹಿಂದೆ ಬರುತ್ತಿದ್ದ ಹೆಂಡತಿಯ ನಡಿಗೆ, ಮೂರನ್ನೂ ನೋಡಿ ಮೊದಲು ನೀರು ಕೊಡಿಸಿದರು. ಗಾಡಿ ಆರಲಿ ಎಂದರು. ಗಾಡಿ ಆರುವ ತನಕ ನಾನು ನೋಟ್‌ಬುಕ್ ತೆಗೆದು, ಗರಗರದ ಸ್ವರೂಪ, ಲೊಟಲೊಟದ ಲಕ್ಷಣ, ಒದರಾಟದ ತೀವ್ರತೆ ಇತ್ಯಾದಿ ಓದತೊಡಗಿದೆ. ಒಂದು ಪುಟ ಮುಗಿಯುವುದರೊಳಗೆ ಅವರು ಕೈ ಎತ್ತಿದರು.

“ಮಾಸ್ತರ್ರ, ಹೆಂಗ ಬರ್ತದ ಅನ್ನೋದು ಬಿಡ್ರಿ. ಯಾವಾಗ ಬರ್ತದ, ಅದನ್ನ ಹೇಳ್ರಿ.”

ನನ್ನ ಪುಸ್ತಕದಲ್ಲಿ ಆ ಕಾಲಮ್ಮೇ ಇರಲಿಲ್ಲ. ಹೆಂಡತಿ ಚೀಲ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ನೋಡಿ ಓದುವ ಗೋಜಿಲ್ಲದೆ ಎಲ್ಲವನ್ನೂ ಹೇಳಿದಳು. ಗರಗರ ಬರುವುದು ನ್ಯೂಟ್ರಲ್ಲಿನಲ್ಲಿ ನಿಂತಾಗ, ಕ್ಲಚ್ ಹಿಡಿದರೆ ಇಲ್ಲ. ಒದರುವುದು ಲೋಡು ಇದ್ದಾಗ, ಅದೂ ಎಣ್ಣೆ ಬದಲಿಸಿದ ಮೇಲೆ. ಲೊಟಲೊಟ ತಾನು ಹಿಂದೆ ಕೂತಾಗ, ತಗ್ಗಿನಲ್ಲಿ ಇಳಿದಾಗ. ಚಾಲೂ ಆಗದೆ ಇರುವುದು ಎಂಜಿನ್ ಕಾದ ಮೇಲೆ, ಅದೂ ಟ್ಯಾಪೆಟ್ ಬಿಗಿ ಮಾಡಿಸಿದ ಮೇಲೆ. ಉಸ್ತಾದರು ತಲೆ ಆಡಿಸುತ್ತ ಕೇಳಿದರು. ಆಮೇಲೆ ಅವರು ನನ್ನ ಜೊತೆ ಮಾತಾಡಿದ್ದು ಕಡಿಮೆ. “ಅಕ್ಕಾರ, ಇಲ್ಲಿ ನೋಡ್ರಿ” ಎನ್ನುತ್ತಲೇ ಎಲ್ಲ ಬಿಚ್ಚಿದರು. ನಾನು ಪಕ್ಕದಲ್ಲಿ ಚೀಲ ಕಾಯುತ್ತ ಕೇಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಟ್ಯಾಪೆಟ್ಟು. ವಾಲ್ವು ಒತ್ತುವ ರಾಕರಿಗೂ ವಾಲ್ವಿಗೂ ನಡುವೆ ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯುವಷ್ಟು ಸಂದು ಇರಲೇಬೇಕು. ಆ ಸಂದಿನ ಸಣ್ಣ ಟಿಕಟಿಕವೇ ಆರೋಗ್ಯ. ಎಂಜಿನ್ ತಣ್ಣಗಿರುವಾಗ ಗೇಜಿನ ಪಟ್ಟಿ ತೂರಿಸಿ ಸಂದಿನ ಅಳತೆ ಹೊಂದಿಸಬೇಕು. ಕಾದಾಗ ಲೋಹ ಹಿಗ್ಗುತ್ತದೆ. ಸಂದು ಇರದಿದ್ದರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರುತ್ತದೆ, ಗಾಡಿ ಚಾಲೂ ಆಗುವುದಿಲ್ಲ. ಮೇಲಾಗಿ ವಾಲ್ವು ತನ್ನ ಬಿಸಿಯನ್ನು ದಾಟಿಸುವುದು ಸೀಟಿಗೆ ಆತುಕೊಂಡಾಗ. ಆತುಕೊಳ್ಳಲು ಬಿಡದಿದ್ದರೆ ಅಂಚು ಸುಟ್ಟುಹೋಗುತ್ತದೆ. “ಮಾತಾಡೋ ಟ್ಯಾಪೆಟ್ ನಡೀತದ ಅಕ್ಕಾರ, ಬಾಯಿ ಮುಚ್ಚಿಸಿದ್ದು ಸುಡ್ತದ” ಎಂದರು. ಹೆಂಡತಿ ನನ್ನ ಕಡೆ ತಿರುಗಿ, ಈ ನಿಯಮ ಇನ್ನೆಲ್ಲಿ ಅನ್ವಯವಾಗುತ್ತದೆ ಎಂಬುದನ್ನು ಕಣ್ಣಲ್ಲೇ ವಿವರಿಸಿದಳು.

ಎರಡನೆಯದು ಅವ್ವನ ಗರಗರ. ನ್ಯೂಟ್ರಲ್ಲಿನಲ್ಲಿ ಕ್ಲಚ್ ಬಿಟ್ಟು ನಿಂತಾಗ ಗೇರ್ ಬಾಕ್ಸಿನ ಒಳಶಾಫ್ಟು ಎಂಜಿನ್ನಿನ ಜೊತೆ ತಿರುಗುತ್ತಿರುತ್ತದೆ. ಲಿವರ್ ಹಿಡಿದೊಡನೆ ಅದು ನಿಲ್ಲುತ್ತದೆ. ಹಿಡಿದಾಗ ಶಬ್ದ ಹೋದರೆ ಆ ಶಾಫ್ಟಿನ ಬೇರಿಂಗ್ ಇಲ್ಲವೇ ಕ್ಲಚ್ ಹೌಸಿಂಗ್ ಸಡಿಲಾಗಿದೆ ಎಂದರ್ಥ. ತದ್ವಿರುದ್ಧ, ಹಿಡಿದಾಗಲೇ ಶಬ್ದ ಬಂದರೆ ಪ್ಲೇಟುಗಳನ್ನು ಒತ್ತುವ ಸಣ್ಣ ರಿಲೀಸ್ ಬೇರಿಂಗನ್ನು ಅನುಮಾನಿಸಬೇಕು. ಒಂದೇ ಲಿವರು, ಹಿಡಿ, ಬಿಡು; ಅರ್ಧ ರೋಗ ಅಲ್ಲೇ ಬೇರೆಯಾಯಿತು. ಬಾಗಿಲಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದ ಅವ್ವ ಇದನ್ನು ಯಾವ ಸ್ಕ್ರೂಡ್ರೈವರೂ ಇಲ್ಲದೆ ಹಿಡಿದಿದ್ದಳು.

ಮೂರನೆಯದು ಮಗನ ಒದರಾಟ. ಉಸ್ತಾದರು ಎಣ್ಣೆಯ ಡಿಪ್‌ಸ್ಟಿಕ್ ತೆಗೆದು ಒರೆಸಿ, ತಿರುವದೆ ಬರೇ ಇಳಿಬಿಟ್ಟು ಅಳತೆ ನೋಡಿ, ಎಣ್ಣೆ ಬೆರಳಿಗೆ ಹಚ್ಚಿ ಉಜ್ಜಿ ಕೇಳಿದರು: “ಇದು ಯಾವ ಆಯಿಲ್ರಿ?” ನನ್ನ ಭಾವಮೈದುನನ ಕಾರಿಗೆ ಹಾಕಿ ಉಳಿದ ಡಬ್ಬಿ. ತುಟ್ಟಿಯ ಎಣ್ಣೆ, ವ್ಯರ್ಥವಾಗಬಾರದೆಂದು ನಾನೇ ಕೇಳಿ ತಂದದ್ದು. ಕಾರಿನ ಕ್ಲಚ್ಚು ಎಣ್ಣೆಯ ಹೊರಗೆ, ಒಣಗಿ ಇರುತ್ತದೆ; ಹಾಗಾಗಿ ಕಾರಿನ ಎಷ್ಟೋ ಎಣ್ಣೆಗಳಿಗೆ ಉಜ್ಜಾಟ ತಗ್ಗಿಸುವ ಔಷಧ ಬೆರೆಸಿರುತ್ತಾರೆ. ನಮ್ಮ ಗಾಡಿಯ ಕ್ಲಚ್ ಪ್ಲೇಟುಗಳು ಎಂಜಿನ್ ಎಣ್ಣೆಯಲ್ಲೇ ಮುಳುಗಿ, ಉಜ್ಜಾಟದಿಂದಲೇ ಒಂದನ್ನೊಂದು ಹಿಡಿಯಬೇಕು. ಎಣ್ಣೆ ಜಾರಿಸಿದರೆ ಪ್ಲೇಟು ಜಾರುತ್ತವೆ. ಎಂಜಿನ್ ಒದರುತ್ತದೆ, ಚಕ್ರ ಕೇಳುವುದಿಲ್ಲ. ಅದಕ್ಕೇ ಬೈಕಿನ ಡಬ್ಬಿಯ ಮೇಲೆ ಜಾಸೊ ಎಂಎ ಎಂಬ ಜಪಾನಿ ಗುರುತು ನೋಡಿ ಕೊಳ್ಳಬೇಕಂತೆ. ಕ್ಲಚ್ ಲಿವರಿನ ತುದಿಯಲ್ಲಿ ಒಂದು ಸೆಂಟಿಮೀಟರಿಗೆ ಕಡಿಮೆಯಿಲ್ಲದ ಸಡಿಲು ಇರಬೇಕಂತೆ. ಕೇಬಲ್ ಬಿಗಿದಿದ್ದರೂ ಇದೇ ಜಾರಾಟ. ನಾನು ಉಳಿಸಿದ ಎಣ್ಣೆಯ ದುಡ್ಡಿಗೆ ಒಂದು ಸೆಟ್ ಕ್ಲಚ್ ಪ್ಲೇಟ್ ಬಂದವು. ಅಂದರೆ ಬಂದವು ನಿಜ, ದುಡ್ಡು ಬೇರೆ ಕೊಡಬೇಕಾಯಿತು.

ಕೊನೆಗೆ ಉಳಿದದ್ದು ಲೊಟಲೊಟ. ಉಸ್ತಾದರು ನನ್ನನ್ನು ಗಾಡಿ ಹತ್ತಿಸಿ, ಹಿಂದೆ ಹೆಂಡತಿಯನ್ನು ಕೂಡಿಸಿ, ಖಾಲಿ ಇದ್ದ ಗಲ್ಲಿಯಲ್ಲಿ ಹೋಗಿ ಬರಲು ಹೇಳಿದರು. ನಡುವೆ ಕ್ಲಚ್ ಹಿಡಿದು ಎಂಜಿನ್ ವೇಗ ಇಳಿಸಿ ಗಾಡಿ ತಾನಾಗಿ ಉರುಳಲು ಬಿಡಿ ಎಂದರು. ಎಂಜಿನ್ ಇಳಿದಾಗ ಶಬ್ದವೂ ಇಳಿದರೆ ಅದು ಎಂಜಿನ್ನಿನದು. ಗಾಡಿ ಉರುಳುವಷ್ಟು ಹೊತ್ತೂ ಉಳಿದರೆ ಚೈನು, ಚಕ್ರ, ಇಲ್ಲವೇ ಹೊರಗಿನ ಯಾವುದೋ ತಗಡು. ಉಳಿಯಿತು. ಇಳಿದು ಬಗ್ಗಿ ನೋಡಿದರೆ ಸೀರೆ ಗಾರ್ಡಿನ ಒಂದು ಬೋಲ್ಟೇ ಇಲ್ಲ. ಹಿಂದಿನ ಸವಾರರ ಬಟ್ಟೆ ಚಕ್ರಕ್ಕೆ ಸಿಗಬಾರದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಈ ಹೊದಿಕೆಯನ್ನು ಕಡ್ಡಾಯ ಮಾಡಿದೆ. ಸರ್ಕಾರ ನನ್ನ ಹೆಂಡತಿಗಾಗಿಯೇ ಹಾಕಿಸಿದ ಭಾಗ ಅದು. ಅದೇ ಸಡಿಲಾಗಿ ಅವಳು ಕೂತಾಗಲೆಲ್ಲ ಬಡಿಯುತ್ತಿತ್ತು. ಉಸ್ತಾದರು ಹತ್ತರ ಪಾನಾ ತೆಗೆದುಕೊಂಡು ಒಂದು ಹಳೇ ಬೋಲ್ಟು ಬಿಗಿದರು. ಅದಕ್ಕೆ ದುಡ್ಡು ಕೇಳಲಿಲ್ಲ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣವಾದ ಶಬ್ದ ಪುಕ್ಕಟೆ ರಿಪೇರಿಯಾಯಿತು.

ಹೊರಡುವಾಗ ಅವರು ಇನ್ನೆರಡು ಮಾತು ಹೇಳಿದರು. ಮೂರು ಮಂದಿ ಹತ್ತಿ, ಟಾಪ್ ಗೇರಿನಲ್ಲಿ ಇಪ್ಪತ್ತರ ಸ್ಪೀಡಿಗೆ ಎಳೆಸಿದಾಗ ಕಿಣಿಕಿಣಿ ಎಂದರೆ ಗಾಡಿ ಬಿಚ್ಚುವ ಕೆಲಸವಿಲ್ಲ, ಗೇರು ಇಳಿಸಿದರೆ ಸಾಕು. ಎಂಜಿನ್ನಿನ ತಳದಿಂದ ದಪ್ಪಗೆ ಠಕ್ ಠಕ್ ಎಂದು, ಎಕ್ಸಲೇಟರ್ ಕೊಟ್ಟಷ್ಟೂ ಏರಿದರೆ ಮಾತ್ರ ಅಲ್ಲೇ ಬಂದ್ ಮಾಡಬೇಕು. ಅದು ಕನೆಕ್ಟಿಂಗ್ ರಾಡಿನ ಬೇರಿಂಗ್, ಅದಕ್ಕೆ ಸ್ಕ್ರೂಡ್ರೈವರ್ ಬೇಡ, ಟಂಟಂ ಬೇಕು. ಎರಡನ್ನೂ ಹೆಂಡತಿಗೇ ಹೇಳಿದರು.

ಈಗ ಓಣಿಯಲ್ಲಿ ಯಾರ ಗಾಡಿ ಸದ್ದು ಮಾಡಿದರೂ ನನ್ನ ಹತ್ತಿರ ಬರುತ್ತಾರೆ. ಬರುತ್ತಾರೆ ಎನ್ನುವುದಕ್ಕಿಂತ ನಮ್ಮ ಮನೆ ದಾಟಿಯೇ ಹೋಗಬೇಕಾದ್ದರಿಂದ ನಾನು ನಿಲ್ಲಿಸುತ್ತೇನೆ. “ಹೆಂಗ ಬರ್ತದ ಅನ್ನೋದು ಬಿಡ್ರಿ, ಯಾವಾಗ ಬರ್ತದ ಹೇಳ್ರಿ” ಎಂದು ಉಸ್ತಾದರ ಗತ್ತಿನಲ್ಲೇ ಕೇಳುತ್ತೇನೆ. ಅವರು ಹೇಳುತ್ತಾರೆ. ಆಮೇಲೆ ನಾನು ಒಳಗೆ ಹೋಗಿ ಹೆಂಡತಿಯನ್ನು ಕೇಳಿಕೊಂಡು ಬರುತ್ತೇನೆ.

ಮೊನ್ನೆ ಮಗ, ಈ ಹಳೇ ಗಾಡಿ ಮಾರಿ ಕರೆಂಟಿನ ಸ್ಕೂಟರ್ ತರೋಣ ಎಂದ. ಟ್ಯಾಪೆಟ್ ಇಲ್ಲ, ಕ್ಲಚ್ ಇಲ್ಲ, ಎಂಜಿನ್ ಎಣ್ಣೆ ಇಲ್ಲ, ಶಬ್ದವೇ ಇಲ್ಲ ಎಂದು ಒಂದೊಂದೇ ಬೆರಳು ಮಡಚಿದ. ನನಗೂ ಹೌದೆನಿಸಿತು. ಅವ್ವ ಕೂಡ ಹೂಂ ಅಂದಳು. ಅಡುಗೆಮನೆಯಿಂದ ಹೆಂಡತಿ ಒಂದೇ ಮಾತಿನಲ್ಲಿ ಠರಾವು ತಳ್ಳಿಹಾಕಿದಳು: “ಬ್ಯಾಡೋ ತಮ್ಮಾ. ಗಾಡಿ ಸುಮ್ಮನಾತು ಅಂದ್ರ ನಿಮ್ಮಪ್ಪ ಸ್ಕ್ರೂಡ್ರೈವರ್ ತಗೊಂಡು ನನ್ನ ಮಿಕ್ಸರಿಗೆ ಬರ್ತಾರ.”